ಪಾತಾಳಗರಡಿಯ ಸೋಗು

ಹೋಳಿಹುಣ್ಣಿಮೆಯಲ್ಲಿ ಯಾರೂ ಸಿಟ್ಟಾಗಬಾರದು ಎನ್ನುವುದು ನಮ್ಮ ಕಡೆಯ ಕಾಯಿದೆ. ಅದನ್ನು ಮಾಡಿದವರು ಗಂಡಸರು. ಹಲಗೆ ಬಾರಿಸುವವರೂ ಅವರೇ, ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವವರೂ ಅವರೇ, ಸೋಗು ಹಾಕಿ ಮೆರೆಯುವವರೂ ಅವರೇ. ಸಿಟ್ಟಾಗದೆ ಇರುವ ಕೆಲಸ ಒಂದನ್ನು ಮಾತ್ರ ಹೆಂಗಸರಿಗೆ ಬಿಟ್ಟಿದ್ದರು. ಆ ಕೆಲಸ ನನಗೆ ಇವತ್ತಿಗೂ ಬರುವುದಿಲ್ಲ.

ಎತ್ತಿನ ಬಂಡಿಗಳ ಮೇಲೆ ಮರದ ಹಲಗೆ ಹಾಸಿ, ಸುತ್ತ ತೋರಣ ಕಟ್ಟಿ, ವೇಷ ಹಾಕಿದವರನ್ನು ನಿಲ್ಲಿಸಿ ಊರೆಲ್ಲ ತಿರುಗಿಸುತ್ತಿದ್ದರು. ಅವೇ ಸೋಗಿನ ಬಂಡಿ. ಮುಂದಿನ ಬಂಡಿಗಳಲ್ಲಿ ರಾಮ, ಶಿವ, ಪಾರ್ವತಿ. ಹಿಂದಿನವುಗಳಲ್ಲಿ ಊರ ಸುದ್ದಿ. ಆ ವರ್ಷ ಯಾರ ಮನೆಯ ಹುಳುಕು ಹೊರಬಿದ್ದಿತ್ತೋ ಅದು ಬಂಡಿ ಏರುತ್ತಿತ್ತು. ಹೆಸರು ಹೇಳುವ ಪದ್ಧತಿ ಇರಲಿಲ್ಲ. ಊರವರಿಗೆ ಹೇಳಬೇಕಾದ ಅಗತ್ಯವೂ ಇರಲಿಲ್ಲ.

ನಮ್ಮ ಮನೆ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿತ್ತು. ಕೆಳಗೆ ಅಪ್ಪನ ಅಂಗಡಿ: ಹಗ್ಗ, ಮಿಣಿ, ಬಾರುಕೋಲು, ಎತ್ತಿನ ಗೆಜ್ಜೆ. ಮೇಲೆ ಮಾಳಿಗೆ. ನಮ್ಮ ಮುಂದೆ ರಸ್ತೆ ಅಗಲವಾಗಿದ್ದರಿಂದ ಪ್ರತಿ ಬಂಡಿಯೂ ಅಲ್ಲಿ ನಿಂತು ತನ್ನ ಆಟ ತೋರಿಸಿಯೇ ಮುಂದೆ ಹೋಗುತ್ತಿತ್ತು. ಸೋಗು ನೋಡಲು ನಮ್ಮ ಮಾಳಿಗೆಯ ಕಿಟಕಿಗಿಂತ ಒಳ್ಳೆಯ ಜಾಗ ಊರಲ್ಲೇ ಇಲ್ಲ ಎಂದು ಅಪ್ಪ ಬೀಗುತ್ತಿದ್ದ. ಕೊನೆಗೆ ಆ ಕಿಟಕಿಯೇ ನಮ್ಮ ಕೊರಳಿಗೆ ಬಂತು.

ಎರಡನೇ ಮಹಾಯುದ್ಧದ ಕಾಲ ಅದು. ನನಗೆ ಹದಿನೈದು ತುಂಬಿತ್ತು. ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿದ್ದೆವು. ಅವಳ ಗಂಡ ಕುಡಿಯುತ್ತಿರಲಿಲ್ಲ, ಜೂಜಾಡುತ್ತಿರಲಿಲ್ಲ. ಹೊಡೆಯುವುದೊಂದೇ ಅವನ ಚಟ. ಒಂದು ದಿನ ಕಾಸಿದ ಸೌಟನ್ನು ಅವಳ ತೋಳಿಗೆ ಒತ್ತಿದ. ಮರುದಿನ ಬೆಳಿಗ್ಗೆ ಅಕ್ಕ ನೀರಿಗೆ ಹೋದವಳು ಬಾವಿಯ ಹತ್ತಿರ ನಿಲ್ಲಲಿಲ್ಲ. ಖಾಲಿ ಕೊಡ ನಡುವಿನ ಮೇಲೆ ಇಟ್ಟುಕೊಂಡೇ ವಿಜಾಪುರದ ದಾರಿ ಹಿಡಿದಳು. ಅರ್ಧ ದಾರಿಯಲ್ಲಿ ಮೇವು ತುಂಬಿಕೊಂಡು ಬರುತ್ತಿದ್ದ ಮುದುಕನೊಬ್ಬ ಬಂಡಿ ನಿಲ್ಲಿಸಿ ಹತ್ತಿಸಿಕೊಂಡ. ದೀಪ ಹಚ್ಚುವ ಹೊತ್ತಿಗೆ ಅವಳು ನಮ್ಮ ಬಾಗಿಲಲ್ಲಿದ್ದಳು. ಕೊಡವನ್ನು ಅವ್ವ ಇಸಿದುಕೊಂಡ ಮೇಲೂ ಅವಳ ಕೈ ಹಾಗೇ ಬಾಗಿ ಉಳಿದಿತ್ತು.

ಅತ್ತ ತಿಕೋಟಾದಲ್ಲಿ ಹೆಂಡತಿ ಬಾವಿಗೆ ಬಿದ್ದಳೆಂದು ಗಂಡ ಪಾತಾಳಗರಡಿ ಇಳಿಬಿಟ್ಟು ಹುಡುಕಿದನಂತೆ. ಬಾವಿಯಲ್ಲಿ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಕೊಕ್ಕೆ ಹೆಣಕ್ಕೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಅವನು ಯೋಚಿಸಿರಲಿಕ್ಕಿಲ್ಲ. ಇಲಿ ಹೋದರೆ ಹುಲಿ ಹೋಯಿತು ಅನ್ನುವ ಜನ. ಸುದ್ದಿ ವಿಜಾಪುರ ಮುಟ್ಟುವಷ್ಟರಲ್ಲಿ ಮೇವಿನ ಬಂಡಿ ಟಾಂಗಾ ಆಗಿತ್ತು, ಮುದುಕ ಮೀಸೆ ತಿರುವುವ ಹುಡುಗ ಆಗಿದ್ದ.

ಹಿರಿಯರು ಕೂತು ಸೋಡಚೀಟಿ ಮಾಡಿಸಿದರು. ಅಲ್ಲಿಗೆ ಆ ಸಂಬಂಧ ಹರಿಯಿತು. ವರ್ಷದೊಳಗೆ ಸೋದರಮಾವ ಬಬಲೇಶ್ವರದ ಒಬ್ಬನನ್ನು ಹುಡುಕಿ ತಂದ. ಹೆಂಡತಿ ಸತ್ತವನು, ಮಕ್ಕಳಿಲ್ಲ, ಹೊಲ ಇತ್ತು, ತಾಯಿ ಇದ್ದಳು. ಉಡಿಕಿ, ಅಂದರೆ ಮರುಮದುವೆ, ಮಾಡಿಕೊಳ್ಳಲು ತಯಾರಿದ್ದ. ಗಂಡಹೆಂಡಿರಿಗೆ ಕೂಡಿಬರಲಿಲ್ಲ ಎಂದಷ್ಟೇ ಮಾವ ಅವರಿಗೆ ಹೇಳಿದ್ದ. ಕೊಡದ ಸುದ್ದಿ, ಬಾವಿಯ ಸುದ್ದಿ ಎತ್ತಿರಲಿಲ್ಲ. ಹೋಳಿಹಬ್ಬಕ್ಕೆ ಸೋಗು ನೋಡಲು ಬಂದವರ ಹಾಗೆ ಬರಲಿ, ಹುಡುಗಿಯನ್ನೂ ನೋಡಲಿ, ಒಪ್ಪದಿದ್ದರೆ ನೋಡಲು ಬಂದಿದ್ದರೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವನ ಹಂಚಿಕೆ. ಅವನ ಜಾಣತನವನ್ನು ಮನೆಮಂದಿಯೆಲ್ಲ ಹೊಗಳಿದೆವು. ಅಕ್ಕನದು ಕುದುರಿದರೆ ನನ್ನ ಮದುವೆಯ ದಾರಿಯೂ ಬಿಚ್ಚಿಕೊಳ್ಳುತ್ತಿತ್ತು. ನಾನೇ ಎಲ್ಲರಿಗಿಂತ ಹೆಚ್ಚು ಹೊಗಳಿರಬೇಕು.

ಹೋಳಿ ಇನ್ನೇನು ಬಂತು ಅನ್ನುವಾಗ ಪಕ್ಕದ ಓಣಿಯ ಹುಡುಗನೊಬ್ಬ ಅಂಗಡಿಗೆ ಬಂದು ಪಾತಾಳಗರಡಿ ಕೇಳಿದ. ಸೋಗಿಗೆ ಬೇಕು, ಮರಳಿ ತಂದು ಕೊಡುತ್ತೇನೆ ಎಂದ. ಸೋಗಿಗೆ ಕೇಳಿದ ವಸ್ತುವನ್ನು ಇಲ್ಲ ಅನ್ನುವಂತಿರಲಿಲ್ಲ, ಸೀರೆ ಕೇಳಿದರೂ ಬುಗುಡಿ ಕೇಳಿದರೂ ಕೊಡಬೇಕು. ಅಪ್ಪ ಗೂಟದಿಂದ ಅದನ್ನು ತೆಗೆಯುತ್ತ, ಕೃಷ್ಣನ ಬೆಣ್ಣೆಗಡಿಗೆ ಬಾವಿಗೆ ಬಿತ್ತೇನೋ ಎಂದು ನಗೆಯಾಡಿದ. ಹುಡುಗ ನಗಲಿಲ್ಲ. ಒಮ್ಮೆ ಮಾಳಿಗೆಯ ಕಡೆ ನೋಡಿ ತಲೆ ಕೆಳಗೆ ಹಾಕಿದ. ಈ ಸಲ ಬಂಡಿ ಏರುವುದು ನಮ್ಮ ಮನೆಯ ಸುದ್ದಿಯೇ ಎಂದು ಅಪ್ಪನಿಗೆ ತಿಳಿಯಿತು. ತಿಳಿದೂ ಕೊಟ್ಟ.

ಯಾಕೆ ಕೊಟ್ಟೆ ಎಂದು ನಾನು ಜಗಳ ತೆಗೆದೆ. ಕೊಡದಿದ್ದರೆ ಬೇರೆಯವರಲ್ಲಿ ತರುತ್ತಾರೆ, ನಾವು ಕೊಡಲಿಲ್ಲ ಅನ್ನುವುದೂ ಬಂಡಿ ಏರುತ್ತದೆ ಎಂದ. ಅವನ ಮಾತು ಖರೆ ಇತ್ತು, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಬಬಲೇಶ್ವರದವರಿಗೆ ಈಗ ಬರಬೇಡಿ ಅಂದರೆ ಸಂಶಯ ಬರುತ್ತದೆ ಎಂದ ಮಾವ. ಹಾಗಾದರೆ ಅವರನ್ನು ಎಲ್ಲಿ ಕೂರಿಸುವುದು? ಬಂಡಿಗಳು ಹೊರಡುವ ಕಡೆ ಅಪ್ಪನ ಗೆಳೆಯನ ಮನೆ ಇತ್ತು. ಆದರೆ ಅಲ್ಲಿ ಬಂಡಿಗಳು ಸಾಲು ಹಿಡಿದು ತಾಸುಗಟ್ಟಲೆ ನಿಲ್ಲುತ್ತವೆ, ವೇಷ ಕಟ್ಟುವುದರಿಂದ ಹಿಡಿದು ಎಲ್ಲ ಕಾಣುತ್ತದೆ. ಊರ ಕೊನೆಗೆ ದೂರದ ಸಂಬಂಧಿಕರ ಕಟ್ಟೆ ಇತ್ತು. ಅಲ್ಲಿಗೆ ಬರುವಷ್ಟರಲ್ಲಿ ಹಿಂದಿನ ಬಂಡಿಯವರು ದಣಿದು ಅರ್ಧಕ್ಕೇ ಮನೆಗೆ ಹೋಗಿರುತ್ತಾರೆ, ಅದೇ ಸರಿ ಎಂದ ಅಪ್ಪ. ಸ್ಟೇಷನ್ ರಸ್ತೆಯ ಮಾಳಿಗೆ ಬಿಟ್ಟು ಆ ಧೂಳಿನಲ್ಲಿ ಯಾಕೆ ಕೂರಿಸಿದರು ಎಂದು ಅವರು ಕೇಳುವುದಿಲ್ಲವೇ ಎಂದಳು ಅವ್ವ. ಬೇರೆ ವರ್ಷವಾದರೆ ಪಂಜಿನ ಬೆಳಕು, ಅರ್ಧ ಕಂಡು ಅರ್ಧ ಕಾಣದೆ ಹೋಗುತ್ತಿತ್ತು. ಯುದ್ಧದಿಂದಾಗಿ ಸೀಮೆಎಣ್ಣೆ ಸಿಗದೆ ಆ ವರ್ಷ ಬಂಡಿಗಳನ್ನು ಇಳಿಹೊತ್ತಿಗೇ ಹೊರಡಿಸುವವರಿದ್ದರು.

ಅಕ್ಕನನ್ನು ಯಾರೂ ಕೇಳಿರಲಿಲ್ಲ. ಜೋಳ ಹಸನು ಮಾಡುತ್ತ ಮೂಲೆಯಲ್ಲಿ ಕೂತಿದ್ದವಳು ಮೊರ ಕೆಳಗಿಟ್ಟಳು.

"ಯಪ್ಪಾ, ಬ್ಯಾರೇದವರ ಮನ್ಯಾಗ ಕುಂಡ್ರಿಸಿದ್ರ ಅಲ್ಲಿ ಅವರ ಬಾಯಿ ಇರತೈತಿ. ಯಾರರೆ ಒಬ್ಬರು ಕಿವ್ಯಾಗ ಹೇಳೇ ಹೇಳ್ತಾರ. ನಮ್ಮ ಮನ್ಯಾಗ ನಮ್ಮ ಬಾಯಿ ಅಷ್ಟ. ಇಲ್ಲೇ ಕುಂಡ್ರಸ್ರಿ. ಬಂಡಿ ನೋಡ್ಲಿ. ನಾನು ಯಾರು ಅಂತ ಬಂಡಿ ಹೇಳೂದಿಲ್ಲ."

ಹಾಗೆಯೇ ಆಯಿತು.

ಬಬಲೇಶ್ವರದ ತಾಯಿ ಮಗ ಬಂದರು. ಅವನು ಎತ್ತರದ ಆಳು, ಮಾತು ಮೆತ್ತಗೆ. ಮಾಳಿಗೆಯಲ್ಲಿ ಜಮಖಾನೆ ಹಾಸಿ ಕಿಟಕಿಗೆ ಕೂರಿಸಿದೆವು. ನನ್ನ ಬಾಯಿಯ ಮೇಲೆ ನಂಬಿಕೆ ಇಲ್ಲದ ಅವ್ವ ನನ್ನನ್ನು ತನ್ನ ಪಕ್ಕಕ್ಕೇ ಎಳೆದುಕೊಂಡಳು. ಅಕ್ಕ ಹೋಳಿಗೆ ಬಡಿಸಿ, ಚಹಾ ಕೊಟ್ಟು, ಪದ್ಧತಿಯಂತೆ ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಳು. ರಾಮನ ಬಂಡಿ ಬಂತು, ಶಿವನ ಬಂಡಿ ಬಂತು. ಮುದುಕಿ ಕೂತಲ್ಲಿಂದಲೇ ಕೈಮುಗಿದಳು.

ಆಮೇಲೆ ಅದು ಬಂತು. ಬಂಡಿಯ ನಡುವೆ ಮಣ್ಣು ಮೆತ್ತಿದ ಬುಟ್ಟಿ, ಅದೇ ಬಾವಿ. ತಲೆಗೆ ಹರಕು ಪಟಗ ಸುತ್ತಿದ ಗಂಡನ ವೇಷದವನು ನಮ್ಮ ಅಂಗಡಿಯ ಪಾತಾಳಗರಡಿಯನ್ನು ಅದರಲ್ಲಿ ಇಳಿಬಿಟ್ಟು ಎದೆ ಬಡಿದುಕೊಳ್ಳುತ್ತಿದ್ದ. ಒಮ್ಮೆ ಹಳೆಯ ಕೆರ ಸಿಕ್ಕಿತು, ಒಮ್ಮೆ ಕಸಬರಿಗೆ ಸಿಕ್ಕಿತು. ಅವನ ಬೆನ್ನ ಹಿಂದೆ ಬಿದಿರಿನ ಟಾಂಗಾ, ಅದರಲ್ಲಿ ಸೀರೆ ಉಟ್ಟ ಗಂಡಸು ಕೊಡ ತೊಡೆಯ ಮೇಲಿಟ್ಟುಕೊಂಡು ಟಾಂಗಾದವನ ಮೀಸೆ ತೀಡುತ್ತಿದ್ದ. ಬಂಡಿ ನಮ್ಮ ಬಾಗಿಲಿಗೆ ಸರಿಯಾಗಿ ನಿಂತಿತು. ಕೆಳಗಿನ ಜನ ಬಂಡಿಯನ್ನು ಬಿಟ್ಟು ನಮ್ಮ ಕಿಟಕಿಯನ್ನು ನೋಡುತ್ತಿದ್ದರು. ಹಲಗೆಯ ಸದ್ದಿಗೆ ಅವರ ಮಾತು ಮೇಲಕ್ಕೆ ಬರಲಿಲ್ಲ, ಅದೊಂದು ಪುಣ್ಯ.

ಬಬಲೇಶ್ವರದವನು ನಕ್ಕ. ಮೊದಲು ತಡೆದುಕೊಂಡು, ಆಮೇಲೆ ತಡೆಯಲಾರದೆ ಕಣ್ಣಲ್ಲಿ ನೀರು ಬರುವ ತನಕ ನಕ್ಕ. ತಾಯಿಯ ಭುಜ ಹಿಡಿದುಕೊಂಡು ನಕ್ಕ. ತನ್ನ ಸಂತೋಷದಲ್ಲಿ ಎಲ್ಲರನ್ನೂ ಸೇರಿಸಿಕೊಳ್ಳುವ ಜಾತಿಯವನು. ಬಾಗಿಲ ಕಡೆ ತಿರುಗಿ, ಅಷ್ಟು ಹೊತ್ತು ಮರ್ಯಾದೆಯಿಂದ ನೋಡದೆ ಇದ್ದವನು, ಅಕ್ಕನಿಗೇ ಹೇಳಿದ:

"ನೋಡ್ರಿ ಅಲ್ಲಿ, ಹೇಣ್ತಿ ಟಾಂಗಾದಾಗ ಕುಂತಾಳ, ಇಂವಾ ಬಾವ್ಯಾಗ ಹುಡುಕಾಕತ್ತಾನ."

ಅವ್ವನ ಉಗುರು ನನ್ನ ಮಣಿಕಟ್ಟಿನಲ್ಲಿ ನಾಟಿತು. ಅಕ್ಕ ಒಂದು ಹೆಜ್ಜೆ ಮುಂದೆ ಬಂದು ಕಿಟಕಿಯ ಹೊರಗೆ ನೋಡಿದಳು. ನೋಡಿ ನಕ್ಕಳು. ಸಣ್ಣ ನಗೆಯಲ್ಲ, ಚೆನ್ನಾಗಿ ಹಲ್ಲು ಕಾಣುವ ಹಾಗೆ ನಕ್ಕಳು.

ಬಂಡಿ ಮುಂದೆ ಹೋಯಿತು. ಮುದುಕಿ ಅವ್ವನ ಕೈ ಹಿಡಿದು, ತಮ್ಮ ಮನೆಯಲ್ಲಿ ನಗೆ ಸತ್ತು ಬಹಳ ದಿನ ಆಗಿತ್ತು, ನಗೆಮುಖದ ಹುಡುಗಿ ಸಿಕ್ಕಳು ಎಂದಳು. ಕೆಳಗೆ ಹೋಗಿ ಅಪ್ಪ, ಮಾವ ಗೆದ್ದವರ ಹಾಗೆ ಎಲೆ ಅಡಿಕೆ ಹಾಕಿಕೊಂಡರು.

ಅವರು ಹೋದ ಮೇಲೆ ಅಕ್ಕ ಹಿತ್ತಲಲ್ಲಿ ಬಟ್ಟಲು ತೊಳೆಯುತ್ತಿದ್ದಳು. ಒಲ್ಲೆ ಅನ್ನು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ನಾನು ಏನು ನೋಡಿಕೊಳ್ಳುವವಳಿದ್ದೆನೋ. ಅವಳು ಬಟ್ಟಲು ಬೋರಲು ಹಾಕಿದಳು.

"ಅಂವಾ ನಕ್ಕಾಗ ಮಾರಿ ಭಾಳ ಚೊಲೋ ಕಂಡತು ತಂಗಿ. ಕೆಟ್ಟ ಮನಶ್ಯಾ ನಕ್ಕಿದ್ರ ಬಯ್ದು ಸುಮ್ಮನಾಗತಿದ್ದೆ. ಇಂವಾ ಕೆಟ್ಟಾಂವಲ್ಲ. ಅದಕ್ಕ ಅಂಜಿಕಿ ಬಂದೈತಿ."

ಉಡಿಕಿ ಮುಗಿಯಿತು. ವಾಲಗ ಇಲ್ಲ, ಹಂದರ ಇಲ್ಲ, ಮುತ್ತೈದೆಯರು ಎದುರಿಗೆ ಬರುವಂತಿರಲಿಲ್ಲ. ಹಿಂದಿನ ಖೋಲಿಯಲ್ಲಿ ಸೀರೆ ಉಡಿಸಿ ಕಳಿಸಿಕೊಟ್ಟೆವು.

ಮುಂದಿನ ಹೋಳಿಗೆ ನಾನು ಬಬಲೇಶ್ವರಕ್ಕೆ ಹೋದೆ. ಭಾವ ಒಮ್ಮೆಯೂ ಕೈ ಎತ್ತಿರಲಿಲ್ಲ, ಅಕ್ಕನ ಮೈ ತುಂಬಿತ್ತು. ನನಗೆ ಒತ್ತಾಯ ಮಾಡಿ ಮಾಡಿ ಉಣ್ಣಿಸಿದ. ಊಟವಾದ ಮೇಲೆ ನೆರೆಯವರು ಕಟ್ಟೆಗೆ ಬಂದು ಕೂತರು, ಆ ಕಥೆ ಹೇಳು ಎಂದರು. ಯಾವ ಕಥೆ ಎಂದು ನಾನು ಕೇಳುವಷ್ಟರಲ್ಲಿ ಭಾವ ಎದ್ದು ನಿಂತಿದ್ದ. ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಸುತ್ತಿದ, ಹಗ್ಗದ ತುದಿ ಹಿಡಿದು ಬಗ್ಗಿ ಹೆಂಡತಿಯನ್ನು ಬಾವಿಯಲ್ಲಿ ಹುಡುಕಿದ, ಕೆರ ಸಿಕ್ಕದ್ದು ತೋರಿಸಿದ, ಎದೆ ಬಡಿದುಕೊಂಡ. ಮೊದಲ ಸಲ ಹೇಳಿದ್ದಲ್ಲ ಎನ್ನುವುದು ಗೊತ್ತಾಗುತ್ತಿತ್ತು. ಯಾವ ಮಾತಿಗೆ ಎಷ್ಟು ಹೊತ್ತು ತಡೆಯಬೇಕೆಂದು ಅವನಿಗೆ ರೂಢಿಯಾಗಿತ್ತು. ಕಟ್ಟೆಯ ಜನ ಹೊಟ್ಟೆ ಹಿಡಿದುಕೊಂಡರು.

"ಸುಳ್ಳ ಅನಬ್ಯಾಡ್ರಿ, ಬೇಕಾದ್ರ ಈಕೀನ್ನ ಕೇಳ್ರಿ," ಎಂದು ಅಕ್ಕನ ಕಡೆ ಕೈ ಮಾಡಿದ. "ಈಕಿ ನಕ್ಕಿದ್ದು ನೋಡೇ ನಾ ಹೂಂ ಅಂದಿದ್ದು."

ಅಕ್ಕ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೌದ್ರಿ," ಅಂದಳು. "ಭಾಳ ನಕ್ಕಿದ್ದೆ." ಅಂದು, ಮತ್ತೆ ನಕ್ಕಳು.