ಕಾರ್ಪೆಟ್ಟಿಗೆ ಅಂಟುವಾಳದ ನೊರೆ

ಮದರಾಸಿನಲ್ಲಿ ಕಾರ್ಪೆಟ್ ತೊಳೆಯುವ ಯಂತ್ರ ಮಾರುವ ಕೆಲಸ ಸಿಕ್ಕಿತು ಎಂದು ಇವರು ಬಂದು ಹೇಳಿದಾಗ ನಾನು ನಕ್ಕುಬಿಟ್ಟೆ. ಇವರು ಎಂದರೆ ನನ್ನ ಗಂಡ. ಹೆಸರು ಹಿಡಿದು ಹೇಳುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅರವತ್ತರ ದಶಕದ ಮೊದಲ ವರ್ಷಗಳು ಅವು. ಟಿ. ನಗರದಲ್ಲಿ ಒಬ್ಬರ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಾವಿಬ್ಬರು ಮತ್ತು ಆಗಷ್ಟೇ ಹೆಜ್ಜೆ ಇಡಲು ಕಲಿಯುತ್ತಿದ್ದ ಮಗಳು ಇದ್ದೆವು. ಆ ಬೀದಿಯ ಹತ್ತಾರು ಮನೆಗಳ ಒಳಗೆ ನಾನು ಹೋಗಿ ಬಂದಿದ್ದೆ. ಎಲ್ಲ ಕಡೆ ಕೆಂಪು ಸಿಮೆಂಟಿನ ನೆಲ, ಮಲಗಲು ಚಾಪೆ, ನೆಂಟರು ಬಂದರೆ ಜಮಖಾನ. ಆ ಸೆಕೆಯಲ್ಲಿ ಉಣ್ಣೆಯ ಕಾರ್ಪೆಟ್ ಹಾಸಿಕೊಂಡು ಕೂರುವ ಪುಣ್ಯಾತ್ಮರು ಯಾರು?

"ಬೋಳುತಲೆಯವರಿಗೆ ಬಾಚಣಿಗೆ ಮಾರುವ ಕೆಲಸ ಅಲ್ವಾ ಇದು?" ಎಂದೆ.

"ನೀನು ಹೀಗೇ ಹೇಳ್ತಿ ಅಂತ ಗೊತ್ತಿತ್ತು ಮಾರಾಯ್ತಿ. ಬಂಗಲೆಗಳಲ್ಲೆಲ್ಲ ಕಾರ್ಪೆಟ್ ಉಂಟು. ನೀನು ನೋಡ್ಲಿಲ್ಲ, ಅಷ್ಟೆ" ಎಂದರು. ಮುಖ ಸಣ್ಣಗಾಗಿತ್ತು. ನಾನು ಅಷ್ಟಕ್ಕೆ ಸುಮ್ಮನಾದೆ.

ಸುಮ್ಮನಾಗಲು ಕಾರಣವಿತ್ತು. ಇವರ ಅಣ್ಣ, ನನಗೆ ಭಾವ, ಉಡುಪಿ ಕಡೆಯಿಂದ ಬಂದು ಮದರಾಸಿನಲ್ಲಿ ಹೋಟೆಲು ಇಟ್ಟು ನಿಂತವರು. ತಮ್ಮನನ್ನು ಸಾಕಿದವರೂ ಅವರೇ. ಇವರು ಆ ಹೋಟೆಲಿನಲ್ಲಿ ಎಲೆ ಎತ್ತಿ, ಕಾಫಿ ಕೊಟ್ಟು, ಉಳಿದ ಹೊತ್ತಿನಲ್ಲಿ ಓದಿ ಬಿ.ಎ. ಮಾಡಿಕೊಂಡಿದ್ದರು. ಓದು ಮುಗಿದ ಮೇಲೆ ಭಾವ, "ಇನ್ನು ಗಲ್ಲಾದಲ್ಲಿ ಕೂತ್ಕೋ" ಎಂದರು. ಇವರು ಒಲ್ಲೆ ಎಂದರು. ಅಣ್ಣನ ಎದುರು ಇವರು ಒಲ್ಲೆ ಎಂದದ್ದು ಜನ್ಮದಲ್ಲಿ ಅದೊಂದೇ ಸಲ ಇರಬೇಕು. ಭಾವ ಕೂಗಾಡಲಿಲ್ಲ. "ಆಗ್ಲಿ, ಹೋಗಿ ನೋಡು. ಆಗ್ಲಿಲ್ಲ ಅಂದ್ರೆ ಜಾಗ ಇಲ್ಲೇ ಉಂಟು" ಎಂದರು. ಆ ಮಾತೇ ಇವರನ್ನು ಕೊರೆಯುತ್ತಿತ್ತು. ಕಂಪನಿಯವರು ಆರು ತಿಂಗಳು ನೋಡುತ್ತೇವೆ, ಅಷ್ಟರೊಳಗೆ ಒಂದಾದರೂ ಯಂತ್ರ ಮಾರಿದರೆ ಕೆಲಸ ಖಾಯಂ ಎಂದಿದ್ದರು. ಮಾರದಿದ್ದರೆ ಅಣ್ಣನ ಗಲ್ಲಾ.

ಯಂತ್ರ ಮನೆಗೆ ಬಂತು. ಉದ್ದನೆಯ ಉರುಟು ಮೈ, ಆನೆಯ ಸೊಂಡಿಲಿನಂಥ ಪೈಪು. ಪೈಪನ್ನು ಒಂದು ಕಡೆ ಸಿಕ್ಕಿಸಿದರೆ ಧೂಳು ಎಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಸಿಕ್ಕಿಸಿದರೆ ಗಾಳಿ ಊದುತ್ತದೆ. ಅದರ ಜೊತೆ ಒಂದು ಬ್ರಶ್ಶು, ಬ್ರಶ್ಶಿನ ಮೇಲೆ ಒಂದು ಸಣ್ಣ ಡಬ್ಬಿ. ಡಬ್ಬಿಗೆ ನೀರು ಮತ್ತು ಕಂಪನಿಯ ಶಾಂಪೂ ಹಾಕಿ ಗಾಳಿ ಊದಿದರೆ ನೊರೆ ಉಕ್ಕಿ ಬ್ರಶ್ಶಿಗೆ ಇಳಿಯುತ್ತದೆ. ಆ ನೊರೆಯಲ್ಲಿ ಕಾರ್ಪೆಟ್ ಉಜ್ಜಬೇಕು, ಒಣಗಲು ಬಿಡಬೇಕು, ಆಮೇಲೆ ಪೈಪು ತಿರುಗಿಸಿ ಕೊಳೆಯನ್ನೆಲ್ಲ ಎಳೆದುಕೊಳ್ಳಬೇಕು. ಇಷ್ಟು ಮಾಡಿದರೆ ಆಯಿತು. ಹೇಳುವುದಕ್ಕೆ ಸುಲಭ.

ಊರಿನಲ್ಲಿ ಕಾರ್ಪೆಟ್ ಇಲ್ಲವಲ್ಲ, ಅದಕ್ಕೆ ಕಂಪನಿಯವರೇ ಒಂದು ತುಂಡು ಕಾರ್ಪೆಟ್ ಕೊಟ್ಟಿದ್ದರು, ತೋರಿಸುವುದಕ್ಕೆ. ಮೂರು ಮೊಳ ಉದ್ದದ, ದಾಸವಾಳದ ಬಣ್ಣದ ಕಾರ್ಪೆಟ್. ಇವರು ಯಂತ್ರವನ್ನು ಸೈಕಲಿನ ಕ್ಯಾರಿಯರಿಗೆ ಬಿಗಿದು, ಕಾರ್ಪೆಟ್ಟನ್ನು ಸುರುಳಿ ಸುತ್ತಿ ಹ್ಯಾಂಡಲಿನ ಮೇಲೆ ಅಡ್ಡಲಾಗಿ ಇಟ್ಟು, ಟೈ ಕಟ್ಟಿಕೊಂಡು ಹೊರಡುತ್ತಿದ್ದರು. ಕಾರ್ಪೆಟ್ ಶುಭ್ರವಾಗಿದ್ದರೆ ತೊಳೆದು ತೋರಿಸುವುದೇನನ್ನು? ಹಾಗಾಗಿ ಅದಕ್ಕೆ ದಿನಾ ಕೊಳೆ ಹಚ್ಚಬೇಕಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು. ಅಕ್ಕಪಕ್ಕದ ಹೆಂಗಸರು ಬೆಳಿಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರೆ ನಾನು ಗಂಡನ ಕಾರ್ಪೆಟ್ಟಿಗೆ ಒಲೆಯ ಬೂದಿ, ಇದ್ದಿಲ ಪುಡಿ, ಕಾಫಿಯ ಚರಟ ತಿಕ್ಕುತ್ತಿದ್ದೆ. ಮನೆಯ ಮಾಲೀಕರ ಹೆಂಡತಿ ಒಂದು ವಾರ ನೋಡಿ, ಎಂಟನೆಯ ದಿನ ನನಗೆ ಮೈಯಲ್ಲಿ ಹುಷಾರಿದೆಯೇ ಎಂದು ಮೆಲ್ಲಗೆ ಕೇಳಿದರು.

ಇವರು ಹೋದ ಕಡೆಯಲ್ಲೆಲ್ಲ ಜನ ಸೇರುತ್ತಿದ್ದರಂತೆ. ಮಕ್ಕಳು ಬೆಲೂನಿಗೆ ಗಾಳಿ ಊದಿಸಿಕೊಂಡರು. ಮೈಲಾಪುರದಲ್ಲಿ ಒಬ್ಬ ಮುದುಕರು, ಮಂಚದ ತಗಣೆಯನ್ನು ಇದು ಎಳೆಯುತ್ತದೆಯೇ ಎಂದು ಕೇಳಿ, ಎಳೆಯಿಸಿಕೊಂಡು, ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು. ಎರಡು ಮೂರು ಮನೆಯಲ್ಲಿ ಫ್ಯೂಸ್ ಹೋಗಿ ಬೈಸಿಕೊಂಡರು. ಸಂಜೆ ಬಂದು, "ಎಲ್ಲ ಮೆಚ್ಚಿದ್ರು" ಎನ್ನುತ್ತಿದ್ದರು. "ತಗೊಂಡ್ರಾ?" ಎಂದು ನಾನು ಕೇಳಬಾರದು ಎಂದುಕೊಂಡೂ ಕೇಳಿಬಿಡುತ್ತಿದ್ದೆ. ತಗೊಂಡಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಕೇಳುವುದನ್ನು ಬಿಟ್ಟೆ. ಮೆಟ್ಟು ಕಳಚುವ ಸದ್ದಿನಲ್ಲೇ ತಿಳಿಯುತ್ತಿತ್ತು.

ಐದನೆಯ ತಿಂಗಳಲ್ಲಿ ಶಾಂಪೂ ಮುಗಿಯಿತು. ಅದು ಪರದೇಶದಿಂದ ಬರಬೇಕು, ಹಡಗಿನ ಸರಕಿಗೆ ಏನೋ ತಡೆ ಬಿದ್ದಿದೆ, ಬಂದಾಗ ಕೊಡುತ್ತೇವೆ ಎಂದರು ಆಫೀಸಿನಲ್ಲಿ. ಕಂಪನಿಯ ಶಾಂಪೂ ಬಿಟ್ಟು ಬೇರೇನನ್ನೂ ಹಾಕಬಾರದು ಎಂಬ ಕಟ್ಟಪ್ಪಣೆ ಬೇರೆ. ಇವರು ತಲೆಯ ಮೇಲೆ ಕೈಹೊತ್ತು ಕುಳಿತರು. ಉಳಿದದ್ದು ಒಂದೇ ತಿಂಗಳು.

ಆಗ ನಾನು ಹೇಳಿದೆ. ನಾನೇ ಹೇಳಿದ್ದು. "ಅಂಟುವಾಳ ಉಂಟಲ್ಲ?"

ಊರಿಂದ ಅಮ್ಮ ಪ್ರತಿ ವರ್ಷ ಒಂದು ಚೀಲ ಅಂಟುವಾಳದ ಕಾಯಿ ಕಳಿಸುತ್ತಿದ್ದಳು. ಪಟ್ಟೆಸೀರೆ, ಉಣ್ಣೆಯ ಶಾಲು, ಬೆಳ್ಳಿ, ಬಂಗಾರ ಎಲ್ಲವನ್ನೂ ನಾವು ತೊಳೆಯುವುದು ಅದರಲ್ಲಿ. ಬಿಸಿ ನೀರಲ್ಲಿ ನೆನೆಸಿ ಹಿಸುಕಿದರೆ ಸಾಬೂನು ನಾಚಬೇಕು, ಅಂಥ ನೊರೆ. ಕಾರ್ಪೆಟ್ಟೂ ಉಣ್ಣೆಯೇ ತಾನೆ? ಇವರು ಬೇಡ ಬೇಡ ಎಂದರು. ನಾನು ಬಿಡಲಿಲ್ಲ. ಕಾಯಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಡಬ್ಬಿಗೆ ಹೊಯ್ದು, ಅಂಗಳದಲ್ಲಿ ನಮ್ಮ ಕೆಂಪು ಕಾರ್ಪೆಟ್ಟಿನ ಮೇಲೆ ಆಡಿಸಿ ನೋಡಿದೆವು. ಕಂಪನಿಯ ಶಾಂಪೂವಿಗಿಂತ ಹೆಚ್ಚು ನೊರೆ! ಒಣಗಿದ ಮೇಲೆ ಬಣ್ಣ ಎದ್ದು ಹೊಳೆಯಿತು. ನಾನು ಸೊಂಟಕ್ಕೆ ಕೈಕೊಟ್ಟು ನಿಂತು, "ನಿಮ್ಮ ಪರದೇಶದವರಿಗೆ ಇದನ್ನು ಕಾಗದ ಬರೆದು ತಿಳಿಸಿ" ಎಂದೆ. ಇವರು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕದ್ದು.

ಅದಾಗಿ ಇಪ್ಪತ್ತು ದಿನಕ್ಕೆ ದೇವರು ಕಣ್ಣು ತೆರೆದ ಹಾಗೆ ಒಂದು ಮನೆ ಸಿಕ್ಕಿತು. ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕಾರ್ಖಾನೆ ಇಟ್ಟವರ ಬಂಗಲೆ. ಹಜಾರದ ತುಂಬ ನಿಜವಾದ ಕಾರ್ಪೆಟ್. ಆ ಮನೆಯಮ್ಮ ಯಂತ್ರವನ್ನು ನೋಡಿ, ಇಡೀ ಕಾರ್ಪೆಟ್ ತೊಳೆದು ತೋರಿಸಿ, ಚೆನ್ನಾಗಿ ಬಂದರೆ ತೆಗೆದುಕೊಳ್ಳುತ್ತೇನೆ ಎಂದರಂತೆ. ತಿಂಗಳು ಮುಗಿಯಲು ಇನ್ನು ಎಂಟೇ ದಿನ. ಆ ದಿನ ನಾನು ಎರಡು ತಪ್ಪಲೆ ಅಂಟುವಾಳ ಕುದಿಸಿದೆ. ದೊಡ್ಡ ಕಾರ್ಪೆಟ್, ಕೊಳೆ ಹೆಚ್ಚಿದ್ದೀತು, ನೀರು ತೆಳ್ಳಗಾಗಬಾರದು ಎಂದು ಚೆನ್ನಾಗಿ ಬತ್ತಿಸಿ ಗಟ್ಟಿ ಮಾಡಿದೆ. ಬಾಟಲಿಗಳಿಗೆ ತುಂಬಿ, ಬಿರಡೆ ಹಾಕಿ ಕೊಟ್ಟೆ. ಸಂಜೆ ಇವರು ಬಂದು ಬೆನ್ನು ನೆಟ್ಟಗಾಗದೆ ಮಲಗಿದರು. ಇಡೀ ದಿನ ಮೊಣಕಾಲೂರಿ ಉಜ್ಜಿದ್ದರು. "ಒದ್ದೆ ಉಂಟು ಇನ್ನೂ. ಒಣಗ್ಲಿಕ್ಕೆ ಎರಡು ದಿನ ಬೇಕು. ಆಮೇಲೆ ಬನ್ನಿ, ಮಾತಾಡುವ, ಮನೆಯವರನ್ನೂ ಕರ್ಕೊಂಡು ಬನ್ನಿ ಅಂದ್ರು" ಎಂದರು. ಕೇಳಿ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೂರನೆಯ ದಿನ ಮದುವೆಯ ಪಟ್ಟೆಸೀರೆ ಉಟ್ಟು, ಮಗಳನ್ನು ಮಾಲೀಕರ ಹೆಂಡತಿಯ ಹತ್ತಿರ ಬಿಟ್ಟು ಹೊರಟೆ. ಬಸ್ಸಿನಲ್ಲಿ ಇವರು ಒಂದೇ ಸಮ ಮಾತಾಡಿದರು. ಖಾಯಂ ಆದ ಮೇಲೆ ಮುಂದಿನ ಪೋರ್ಷನ್ ಹಿಡಿಯುವುದು, ಅಲ್ಲಿ ಗಾಳಿ ಬರುತ್ತದೆ, ಅಣ್ಣನನ್ನು ಅತ್ತಿಗೆಯನ್ನು ಒಂದು ದಿನ ಊಟಕ್ಕೆ ಕರೆಯುವುದು. ಅಣ್ಣನನ್ನು ನಮ್ಮ ಮನೆಯಲ್ಲಿ ಊಟಕ್ಕೆ ಕೂರಿಸುವ ಮಾತನ್ನು ಎರಡು ಸಲ ಹೇಳಿದರು.

ಬಂಗಲೆಯ ಹಜಾರಕ್ಕೆ ಕಾಲಿಟ್ಟ ಕೂಡಲೇ ನಾನು ನಿಂತುಬಿಟ್ಟೆ. ಆ ಕಾರ್ಪೆಟ್ ಬಿಳಿಯದು. ಅಚ್ಚ ಬಿಳಿಯಲ್ಲ, ಹಾಲಿನ ಕೆನೆಯ ಬಣ್ಣ. ಈಗ ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕಂದು ಬಣ್ಣದ ಪಟ್ಟೆಗಳು, ಬ್ರಶ್ಶು ಓಡಿದಷ್ಟು ಅಗಲ. ಡಬ್ಬಿ ತುಂಬಲು ನಿಂತ ಕಡೆಯೆಲ್ಲ ದೊಡ್ಡ ದೊಡ್ಡ ಕಲೆ. ಅಂಟುವಾಳದ ನೀರು ಕಂದು ಎಂದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿಂದ ನೋಡಿದ್ದೇನೆ. ಬಿಳಿ ಪಂಚೆಯನ್ನು ನಾವು ಅದರಲ್ಲಿ ಎಂದಾದರೂ ಅದ್ದುತ್ತೇವೆಯೇ? ನಮ್ಮ ಕೆಂಪು ಕಾರ್ಪೆಟ್ಟಿನಲ್ಲಿ ಅದು ಕಾಣಿಸಲಿಲ್ಲ, ಅಷ್ಟೆ. ಉಜ್ಜುವಾಗ ನೊರೆ ಬೆಳ್ಳಗೇ ಕಾಣುತ್ತದೆ, ಕಂದು ಏಳುವುದು ಒಣಗಿದ ಮೇಲೆ. ಇವರು ಗಂಡಸರು, ಅವರಿಗೆ ಇದೆಲ್ಲ ತಿಳಿಯದು. ನಾನು ಕಾರ್ಪೆಟ್ ಯಾವ ಬಣ್ಣದ್ದು ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಸಾಲದ್ದಕ್ಕೆ ಬತ್ತಿಸಿ ಗಟ್ಟಿ ಬೇರೆ ಮಾಡಿ ಕೊಟ್ಟಿದ್ದೆ.

ಆ ಮನೆಯಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇದು ಅಪ್ಪಾ ಕೊಟ್ಟದ್ದು, ಕಲ್ಯಾಣದಪ್ಪೊ" ಎಂದು ನಮಗಾಗಿ ತಮಿಳಿನ ಜೊತೆ ಒಂದೆರಡು ಕನ್ನಡದ ಮಾತು ಬೆರೆಸಿ ಹೇಳಿದರು. ಮದುವೆಯಲ್ಲಿ ತಂದೆ ಕೊಟ್ಟದ್ದಂತೆ. ಆಮೇಲೆ ಇವರನ್ನು ಕೇಳಿದರು, "ಎನ್ನ ಸೋಪ್ ಪೋಟ್ಟೀಂಗ?" ಯಾವ ಸೋಪು ಹಾಕಿದಿರಿ ಎಂದು.

ಇವರು ನನ್ನ ಕಡೆ ನೋಡಲಿಲ್ಲ. ಕಂಪನಿಯದೇ ಶಾಂಪೂ ಅಮ್ಮಾ, ಅಳತೆ ತಪ್ಪಿ ಹೆಚ್ಚು ಹಾಕಿಬಿಟ್ಟೆ, ತಪ್ಪು ನನ್ನದು, ಎಂದರು. ನನಗೆ ತಮಿಳು ಬರುತ್ತಿರಲಿಲ್ಲ ಎಂದಲ್ಲ. ಪಾಂಡಿ ಬಜಾರಿನಲ್ಲಿ ಚೌಕಾಶಿ ಮಾಡುವಷ್ಟು, ಜಗಳ ಆಡುವಷ್ಟು ಬರುತ್ತಿತ್ತು. ಪಟ್ಟೆಸೀರೆಯ ಸೆರಗು ಹಿಡಿದುಕೊಂಡು ಸುಮ್ಮನೆ ನಿಂತೆ. ಅವರು ನಮಗೆ ಕಾಫಿ ತರಿಸಿದರು. ಕುಡಿದೆವು. ಕುಡಿಯದೆ ಎದ್ದರೆ ಮರ್ಯಾದೆಯಲ್ಲ ಎಂದು ಕುಡಿದೆವು.

ಆ ಮನೆಯಮ್ಮ ಕಂಪನಿಗೆ ಆಗಲೇ ಫೋನು ಮಾಡಿದ್ದರು. ಶಾಂಪೂ ಕೊಡದೇ ತಿಂಗಳಾಯಿತು, ಇವರು ಹಾಕಿದ್ದೇನು ಎಂದು ಆಫೀಸಿನಲ್ಲಿ ಹಿಡಿದು ಕೇಳಿದರು. ಅಂಟುವಾಳ ಎಂದು ಒಪ್ಪಿಕೊಳ್ಳಬೇಕಾಯಿತು. ಯಂತ್ರ, ಬ್ರಶ್ಶು, ಕೆಂಪು ಕಾರ್ಪೆಟ್ಟು ಎಲ್ಲವನ್ನೂ ಅದೇ ದಿನ ತಂದೊಪ್ಪಿಸಲು ಹೇಳಿದರು. ಇವರು ಸೈಕಲಿಗೆ ಕಟ್ಟುತ್ತಿದ್ದಾಗ, "ನಾನೇ ಹೇಳಿಕೊಟ್ಟದ್ದು ಅಂತ ಹೇಳಿ ಅವರಿಗೆ" ಎಂದೆ. "ಹೆಂಡತಿ ಮಾತು ಕೇಳಿ ಮಾಡಿದೆ ಅಂದ್ರೆ ಇನ್ನೂ ಚಂದ ಆಗ್ತದೆ" ಎಂದು ಹಗ್ಗ ಬಿಗಿದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಬರುವಷ್ಟು ಶಕ್ತಿಯೂ ಇರಲಿಲ್ಲವೇನೋ.

ಎರಡು ವಾರ ಅಲ್ಲಿ ಇಲ್ಲಿ ಕೆಲಸ ಕೇಳಿದರು. ಕಾರ್ಪೆಟ್ಟಿನ ಕಥೆ ಇವರಿಗಿಂತ ಮೊದಲೇ ಅಲ್ಲೆಲ್ಲ ಹೋಗಿ ಕೂತಿತ್ತು. ಮೂರನೆಯ ವಾರ ಭಾವನ ಮನೆಗೆ ಹೋದೆವು. ಭಾವ ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿದರು. ಅಡಿಗೆಮನೆಯ ಬಾಗಿಲಲ್ಲಿ ನಾನೂ ಓರಗಿತ್ತಿಯೂ ನಿಂತಿದ್ದೆವು.

"ಬಿ.ಎ. ಓದಿದವ ನೀನು. ಕಾರ್ಪೆಟ್ಟಿಗೆ ಅಂಟುವಾಳ ಹಾಕ್ಲಿಕ್ಕೆ ನಿನಗೆ ಬುದ್ಧಿ ಹೇಳಿದ್ದು ಯಾರು?" ಎಂದರು ಭಾವ.

"ಯಾರೂ ಇಲ್ಲ. ನನಗೇ ಹೊಳೆದದ್ದು" ಎಂದರು ಇವರು.

ಓರಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಾಡಿಗೆ ಕಟ್ಟಲಾಗದೆ ನಾವು ಭಾವನ ಮನೆಗೇ ಬಂದಿರಬೇಕಿತ್ತು; ಇನ್ನು ನಾನು ಬದುಕಬೇಕಾದದ್ದು ಆ ಅಡಿಗೆಮನೆಯಲ್ಲಿ, ಅವಳ ಕೈಕೆಳಗೆ. ಈಗ ಬಾಯಿ ತೆರೆದರೆ ಸಾಯುವವರೆಗೆ ಅವಳ ಬಾಯಿಗೆ ಬೀಳುತ್ತೇನೆ ಎಂದು ಅಷ್ಟು ಹೊತ್ತಿನಲ್ಲೇ ಲೆಕ್ಕ ಹಾಕಿದೆ. ನನ್ನ ನಾಲಗೆ ಎಲ್ಲ ಕಡೆ ಓಡುತ್ತದೆ, ಓಡಬೇಕಾದ ಕಡೆ ಮಾತ್ರ ಓಡಲಿಲ್ಲ. ಭಾವ, "ನಾಳೆ ಬೆಳಿಗ್ಗೆ ಆರಕ್ಕೆ ಬಾ" ಎಂದು ಎದ್ದರು.

ಅಲ್ಲಿಂದ ಮುಂದೆ ಇವರು ಗಲ್ಲಾದಲ್ಲೇ ಕೂತರು. ಆ ಒಂದು ಯಂತ್ರ ಮಾರಿದ್ದರೂ ಮುಂದೆ ಯಾರು ಕೊಳ್ಳುತ್ತಿದ್ದರು, ಊರಿಗೆ ಊರೇ ಚಾಪೆಯ ಮೇಲೆ ಮಲಗುವಾಗ, ಎಂದು ನಾನು ಸಮಾಧಾನ ಹೇಳಿಕೊಂಡದ್ದುಂಟು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಇವರು ಆ ಕಥೆಯನ್ನು ತಾವೇ ಹೇಳಿ ಜನರನ್ನು ನಗಿಸಲು ಕಲಿತರು. ಬೇರೆಯವರು ಹೇಳುವುದಕ್ಕಿಂತ ತಾನೇ ಹೇಳುವುದು ವಾಸಿ ಎಂದಿರಬೇಕು.

ಒಂದು ಭಾನುವಾರ ಊಟಕ್ಕೆ ಕೂತಾಗ ಮಗಳಿಗೂ ಹೇಳಿದರು. ಅವಳಿಗೆ ಆಗ ಎಂಟು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲೇ ಉತ್ತರ ಕೊಡುವುದು. ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಪ್ಪಾ, ಇದು ಕೂಡ ತೆರಿಯಾದಾ ಉನಕ್ಕು?" ಎಂದಳು, ಇಷ್ಟೂ ಗೊತ್ತಾಗಲಿಲ್ಲವಾ ನಿನಗೆ ಎಂದು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ನೀ ಸೊಲ್ಲಲಿಯಾ?" ಎಂದಳು. ನೀನಾದರೂ ಹೇಳಬಾರದಿತ್ತಾ ಎಂದು.

ಇವರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಕೈ ಒಂದು ಗಳಿಗೆ ನಿಂತಿತು. ನಾನು ಹೇಳಲಿ ಎಂದು ಕಾದರೋ, ಹೇಳುವುದಿಲ್ಲ ಎಂದು ತಿಳಿದೇ ಇತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳೋಣವೆಂದರೆ ಈಗ ಅವರಿಲ್ಲ.

ನಾನು ಸೌಟು ಎತ್ತಿ, "ಇನ್ನು ಸ್ವಲ್ಪ ಹುಳಿ ಹಾಕ್ಲಾ?" ಎಂದು ಕೇಳಿದೆ.