ದೂಜನ ಮೂರು ಆದಿತ್ಯವಾರ

ಸಯನ್ ಸ್ಟೇಷನ್ ಹತ್ತಿರದ ಗ್ಯಾರೇಜೊಂದರಲ್ಲಿ ದೂಜನಿಗೆ ಒಂದು ಮೂಲೆ ಇತ್ತು. ಕಾರಿಗೆ ರೇಡಿಯೋ ಕೂರಿಸುವುದು ಅವನ ಕಸುಬು. ಹನ್ನೆರಡನೇ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಫೋರ್ಟಿನ ಹೋಟೆಲಿಗೆ ಲೋಟ ತೊಳೆಯಲು ಬಂದವನು, ಅಲ್ಲಿನ ರೇಡಿಯೋ ಕೆಟ್ಟಾಗ ಬಿಚ್ಚಿ ನೋಡಿ ಈ ದಾರಿ ಹಿಡಿದಿದ್ದ. ಈಗ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಊರಲ್ಲಿದ್ದ ಅಕ್ಕ ಅಪ್ಪಿ ತೀರಿಹೋದ ಮೇಲೆ ಕಾಗದವೂ ಬರುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಹಿಂದಿ, ಅವನು ಬಾಡಿಗೆಗಿದ್ದ ಚಾಳಿನ ಕೋಣೆಗಳ ಸಾಲಿನಲ್ಲಿ ಮರಾಠಿ, ಅದೂ ಕೆಲಸಕ್ಕೆ ಬೇಕಾದಷ್ಟೇ. ಕೆಲವು ದಿನ ಸಂಜೆ ಬಾಯಿ ತೆರೆದರೆ ತನ್ನ ದನಿ ತನಗೇ ಒರಟಾಗಿ ಕೇಳುತ್ತಿತ್ತು.

ಐವತ್ತೆಂಟನೇ ಇಸವಿಯ ಚಳಿಗಾಲದಲ್ಲಿ ತಿರುಮಲೇಶ ಎಂಬವರು ಒಂದು ಹಳೇ ಮೋರಿಸ್ ಕಾರು ತಂದು ನಿಲ್ಲಿಸಿದರು. ಮೈಸೂರಿನವರು, ವಿಲೆ ಪಾರ್ಲೆಯಲ್ಲಿ ಮನೆ. ರೇಡಿಯೋ ಸೆಕೆಂಡ್ ಹ್ಯಾಂಡ್, ಸ್ಪೀಕರು ಮನೆಯ ಕೆಟ್ಟ ಸೆಟ್ಟಿನಿಂದ ಕಿತ್ತದ್ದು.

"ಹೆಚ್ಚು ಖರ್ಚು ಬೇಡಪ್ಪ. ನಮ್ಮ ವಿಮಲಾಗೆ ಸಂಗೀತ ಅಂದ್ರೆ ಪ್ರಾಣ, ಅವಳಿಗೋಸ್ಕರ," ಎಂದರು.

ದೂಜ ಸ್ಪೀಕರನ್ನು ಹಿಂದಿನ ಸೀಟಿನ ಮೇಲಿನ ಹಲಗೆಗೆ ಬಿಗಿದ. ಆದರೆ ಮೃದಂಗದ ಪೆಟ್ಟು ಬಿದ್ದಾಗಲೆಲ್ಲ ಕಾರಿನಲ್ಲಿ ಎಲ್ಲೋ ಗಿರಗಿರ ಎನ್ನುತ್ತಿತ್ತು. ಸ್ಪೀಕರಿನ ಅಂಚಿಗೆ ಹಳೇ ಕಂಬಳಿಯ ಪಟ್ಟಿ ಕೊಟ್ಟ, ವಯರಿಗೆ ಸೈಕಲ್ ಟ್ಯೂಬ್ ಸುತ್ತಿದ, ಬಾಗಿಲಿನ ಒಳಗೆ ಗೋಣಿಯ ತುಂಡು ಅಂಟಿಸಿದ. ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ. ಉಳಿದದ್ದು ಕಾರು ಸ್ವಲ್ಪ ದೂರ ಓಡಿ ಇಂಜಿನ್ ಬಿಸಿಯಾದ ಮೇಲೆ ಮಾತ್ರ ಬರುವ ಸದ್ದು.

"ಹಾಗಾದ್ರೆ ಭಾನುವಾರ ನಮ್ಮ ಜೊತೆ ಬಾ, ಓಡಿಸ್ತಾನೇ ಹುಡುಕೋಣ," ಎಂದರು ತಿರುಮಲೇಶ.

ಹೀಗೆ ದೂಜ ಹಿಂದಿನ ಸೀಟಿನಲ್ಲಿ, ಹಲಗೆಗೆ ಕಿವಿ ಕೊಟ್ಟು, ಬಾಂದ್ರಾದ ತನಕ ಹೋಗಿ ಬಂದ. ಸದ್ದಿನ ಮೂಲ ಸಿಕ್ಕಲಿಲ್ಲ. ತಿರುಮಲೇಶರ ಹೆಂಡತಿ ವಿಮಲಾ ಮುಂದಿನ ಸೀಟಿನಿಂದ ತಿರುಗಿ ಅವಲಕ್ಕಿಯ ಡಬ್ಬಿ ಕೊಟ್ಟರು. "ನಿಮ್ಮ ಕಡೆ ಇದಕ್ಕೆ ಬೆಲ್ಲ ಹಾಕ್ತೀರಾ?" ಎಂದು ಕೇಳಿದರು. ಅಕ್ಕನ ಕೈಯ ಬೆಲ್ಲದ ಅವಲಕ್ಕಿಯ ಬಗ್ಗೆ ದೂಜ ಹೇಳುತ್ತಲೇ ಹೋದ. ಅಷ್ಟು ಕನ್ನಡ ಅವನ ಬಾಯಿಂದ ಹೊರಟು ವರ್ಷಗಳಾಗಿದ್ದವು.

ಎರಡನೇ ಆದಿತ್ಯವಾರ ಮಾಹಿಮ್ ಹತ್ತಿರ ಕಾರು ನಿಲ್ಲಿಸಿ, ಇಂಜಿನ್ ಓಡುತ್ತಿರುವಂತೆಯೇ ದೂಜ ಇಳಿದು ಸುತ್ತಲೂ ಮುಟ್ಟುತ್ತ ನಡೆದ. ಹಿಂದಿನ ನಂಬರ್ ಪ್ಲೇಟಿನ ಮೇಲೆ ಹೆಬ್ಬೆರಳು ಒತ್ತಿದ. ಸದ್ದು ನಿಂತಿತು. ಬೆರಳು ತೆಗೆದ. ಗಿರಗಿರ.

"ಸಿಕ್ತಾ?" ಮುಂದಿನ ಸೀಟಿನಿಂದ ಕೂಗಿದರು ತಿರುಮಲೇಶ.

ದೂಜ ಹೆಬ್ಬೆರಳಿನ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಇಲ್ಲ ಸಾರ್. ಬರುವ ಆದಿತ್ಯವಾರ ಮತ್ತೆ ನೋಡುವ."

ಆ ವಾರವೆಲ್ಲ ಅವನಿಗೆ ಕೆಲಸ ಕೈಗೆ ಹತ್ತಲಿಲ್ಲ. ಮೂರನೇ ಆದಿತ್ಯವಾರ ಬಿಳಿ ಶರ್ಟು ಹಾಕಿಕೊಂಡು ಕಾದ. ತಿರುಮಲೇಶ ಒಬ್ಬರೇ ಬಂದರು.

"ವಿಮಲಾ ಬರಲ್ಲ ಅಂದ್ಲು. ಆ ಗಿರಗಿರದಲ್ಲಿ ಸಂಗೀತ ಕೇಳೋದಕ್ಕಿಂತ ಸುಮ್ಮನಿರೋದೇ ವಾಸಿ ಅಂತೆ. ರೇಡಿಯೋ ಕಿತ್ತು ಮಾರಿಬಿಡೋಣಪ್ಪ."

ದೂಜ ನಂಬರ್ ಪ್ಲೇಟಿನ ಸ್ಕ್ರೂ ಬಿಚ್ಚಿದ, ಹಿಂದೆ ಟ್ಯೂಬಿನ ಎರಡು ತುಂಡಿಟ್ಟು ಬಿಗಿದ. ಐದು ನಿಮಿಷದ ಕೆಲಸ. ಇಂಜಿನ್ ಓಡಿಸಿ ರೇಡಿಯೋ ಹಾಕಿದರೆ ಮೃದಂಗ ನಿಚ್ಚಳವಾಗಿ ಕೇಳಿತು. ತಿರುಮಲೇಶ ಖುಷಿಯಿಂದ ಅವನ ಬೆನ್ನು ತಟ್ಟಿದರು.

"ಹೋದ ವಾರವೇ ಸಿಕ್ಕಿತ್ತು ಸಾರ್," ಎಂದ ದೂಜ ತಲೆ ತಗ್ಗಿಸಿ.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಮತ್ತೆ ಬರ್ತಿರಲಿಲ್ಲ."

ತಿರುಮಲೇಶ ಅವನ ಬಿಳಿ ಶರ್ಟನ್ನು ಒಮ್ಮೆ ನೋಡಿದರು. ಬೈಯಲಿಲ್ಲ. "ಯಾವಾಗಾದ್ರೂ ಮನೆ ಕಡೆ ಬಾಪ್ಪ," ಎಂದು ಕಾರು ಹತ್ತಿದರು. ವಿಳಾಸ ಕೊಡುವುದು ಅವರಿಗೆ ನೆನಪಾಗಲಿಲ್ಲ, ಕೇಳಲು ದೂಜನಿಗೆ ಬಾಯಿ ಬರಲಿಲ್ಲ.

ಆಮೇಲೆ ತಿರುಮಲೇಶರ ಕಚೇರಿಯ ಇಬ್ಬರು ಅವರ ಹೆಸರು ಹೇಳಿಕೊಂಡು ಕಾರು ತಂದರು. ಇಬ್ಬರೂ ಮರಾಠಿಯವರು. ದೂಜ ಅವರ ಕಾರಿನ ಸದ್ದುಗಳನ್ನು ಅಂದಂದೇ ಹುಡುಕಿ ನಿಲ್ಲಿಸಿ ಕಳುಹಿಸಿದ.