ಬ್ಯಾಡಗಿಯ ಹಾಜಿರಾ

ಬ್ಯಾಡಗಿಯಲ್ಲಿ ಬಸ್ಸಿಳಿದು ನಾನು ಆಡಿದ ಮೊದಲ ಮಾತು ಸೀನು. ಮೆಣಸಿನಕಾಯಿ ಸುಗ್ಗಿಯ ಕಾಲ, ಗಾಳಿಯೇ ಖಾರ. ಮದುವೆಯಾಗಿ ಬಂದ ಹೊಸ ಹೆಣ್ಣು ಬಾಗಿಲಲ್ಲಿ ಕಣ್ಣುಮೂಗು ಸುರಿಸುತ್ತ ನಿಂತದ್ದನ್ನು ಕಂಡು ಪಕ್ಕದ ಮನೆಯ ಹೆಂಗಸು ಓಡಿ ಬಂದರು. "ಯಾಕವಾ, ತವರು ನೆನಪಾತೇನು? ಅಳಬ್ಯಾಡ" ಎಂದು ತಮ್ಮ ಸೆರಗಿನಿಂದ ಮುಖ ಒರೆಸಿದರು. ನಾನು ಅಳುತ್ತಿರಲಿಲ್ಲ. ಆದರೆ ಆ ಸೆರಗಿನಲ್ಲೂ ಮೆಣಸಿನ ಪುಡಿಯಿತ್ತು. ಆಮೇಲೆ ನಿಜವಾಗಿಯೂ ಅತ್ತೆ. ಅವರೇ ಗಂಗವ್ವ.

ನನ್ನ ತವರಾದ ಮಂಗಳೂರಿನ ನಿಮಗೆ ಈ ಊರು ಅಡುಗೆಮನೆಯ ಡಬ್ಬಿಯಿಂದಲೇ ಪರಿಚಯ. ಇಲ್ಲಿಯ ಮೆಣಸನ್ನು ತೆಂಗಿನಕಾಯಿಯ ಜೊತೆ ಅರೆದು ನಾವು ಮೀನುಸಾರು ಮಾಡುತ್ತೇವೆ. ಇಲ್ಲಿ ತೆಂಗಿನ ಜಾಗದಲ್ಲಿ ಶೇಂಗಾ ಕೂತಿದೆ, ಕುಚ್ಚಲಕ್ಕಿಯ ಜಾಗದಲ್ಲಿ ಜೋಳ. ನನ್ನ ಮೊದಲ ರೊಟ್ಟಿ ಹಂಚಿನಿಂದ ಏಳಲೇ ಇಲ್ಲ, ಹಂಚನ್ನೇ ನೆನೆಹಾಕಿ ತೊಳೆಯಬೇಕಾಯಿತು. ಗಂಡ ಇಮ್ತಿಯಾಜ್ ರಾಣೆಬೆನ್ನೂರಿಗೆ ಸರಕು ಸಾಗಿಸುವ ಟೆಂಪೋ ಓಡಿಸುತ್ತಾನೆ. ಮರಳುವಾಗ ಹೊಳೆಮೀನು ತಂದುಕೊಟ್ಟು ನನ್ನ ಮುಖ ನೋಡುತ್ತಾನೆ. ಸಮುದ್ರದ ರುಚಿ ಹೊಳೆಗೆಲ್ಲಿ ಬರಬೇಕು? ಚೆನ್ನಾಗಿದೆ ಎನ್ನುತ್ತೇನೆ, ಪಾಪ.

ಮಾತಿನದು ಇನ್ನೂ ಫಜೀತಿ. ಗಂಡನ ಮನೆಯೊಳಗೆ ಉರ್ದು, ಅಂಗಳ ದಾಟಿದರೆ ಈ ಸೀಮೆಯ ಕನ್ನಡ. ನನ್ನ ಕನ್ನಡ ಕೇಳಿದ ಅಂಗಡಿಯವರು "ಪುಸ್ತಕ ಓದಿದಂಗ ಮಾತಾಡ್ತೀರಿ ನೋಡ್ರಿ" ಎಂದು ನಗುತ್ತಿದ್ದರು. ನಮ್ಮ ಬ್ಯಾರಿ ಮಾತು ಉಮ್ಮನ ಫೋನಿಗೆ ಮಾತ್ರ ಉಳಿಯಿತು. ಉಮ್ಮ ಎಂದರೆ ಅಮ್ಮ, ನಿಮಗೆ ಹೇಳಬೇಕಿಲ್ಲ. ಒಬ್ಬಳೇ ಇದ್ದಾಗ ಪಾತ್ರೆಗಳನ್ನು ಬ್ಯಾರಿಯಲ್ಲಿ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೀಗಿರುವಾಗ ಮಗಳು ಹುಟ್ಟಿದಳು. ಘಾಟಿಯ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆ ತವರಿನಲ್ಲಾಗದೆ ಹಾವೇರಿಯಲ್ಲಾಯಿತು. ಉಮ್ಮನೇ ಹೊರಟು ಬಂದಳು. ಮಗುವಿನ ಕಿವಿಯಲ್ಲಿ ಬಾಂಗ್, ಅಂದರೆ ನಮಾಜಿನ ಕರೆ, ಹೇಳಿಯಾದ ಮೇಲೆ ಇಮ್ತಿಯಾಜ್ ಮೆಲ್ಲಗೆ, "ನಮ್ಮ ಅಮ್ಮೀ ಹೆಸರು ಇಡೂಣು. ಹಾಜಿರಾ" ಎಂದ. ತೀರಿಹೋದ ತಾಯಿಯ ಹೆಸರು. ಅವನು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಉಮ್ಮನ ಮುಖ ಬಾಡಿತು. ಅವನು ಹೊರಗೆ ಹೋದದ್ದೇ ತಡ, ಬ್ಯಾರಿಯಲ್ಲಿ ಶುರುಮಾಡಿದಳು. "ಬೇಡ ಮಗಳೇ. ಮರಳುಗಾಡಲ್ಲಿ ಕೂಸಿನೊಂದಿಗೆ ಒಂಟಿಯಾದವಳ ಹೆಸರದು. ನೀನು ಇಷ್ಟು ದೂರ ಬಂದದ್ದು ಸಾಲದಾ? ಇವಳ ಹಣೆಗೂ ಅದೇ ಬರೆಯಬೇಕಾ?"

ಬೇಡವೆಂದರೆ ಗಂಡನ ತಾಯಿಗೆ ಅವಮಾನ, ಹೂಂ ಎಂದರೆ ನನ್ನ ತಾಯಿಗೆ ನೋವು. ಜೊತೆಗೆ ನನಗೂ ಹೆದರಿಕೆಯಿತ್ತು. ಬ್ಯಾಡಗಿಯ ಎಷ್ಟೋ ಮಧ್ಯಾಹ್ನಗಳಲ್ಲಿ ಆ ಮರಳುಗಾಡನ್ನು ನಾನೇ ಕಂಡಿದ್ದೆ.

ಇಲ್ಲಿ ಹೆಸರಿಡುವುದು ನಮ್ಮಂತಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿ, ತಂದೆಯ ಅಕ್ಕನೋ ತಂಗಿಯೋ ಬಗ್ಗಿ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಉಸುರಬೇಕು. ಈ ಓಣಿಯಲ್ಲಿ ಎರಡೂ ಮತದವರ ಮನೆಯಲ್ಲಿ ಇದು ಉಂಟು. ಇಮ್ತಿಯಾಜನಿಗೆ ಒಡಹುಟ್ಟಿದ ಹೆಣ್ಣಿಲ್ಲ. ಅವನನ್ನು ಎತ್ತಿ ಆಡಿಸಿದ ಗಂಗವ್ವನೇ ಅಕ್ಕನಾದರು. ಆದರೆ ಅವರು ಒಂದು ಪಟ್ಟು ಹಿಡಿದರು. "ಅರ್ಥ ತಿಳೀದ ಹೆಸರು ಕೂಸಿನ ಕಿವ್ಯಾಗ ಹೆಂಗ ಹೇಳ್ಲಿ? ಮೊದಲ ನನಗ ಹೇಳ್ರಿ."

ಉಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಹೆದರಿಕೆಯನ್ನೂ ಸೇರಿಸಿ ನಾನು ಹೇಳಿದೆ. ಹಾಜಿರಾ ಎಂದರೆ ವಲಸೆ ಬಂದವಳು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಪ್ರವಾದಿ ಇಬ್ರಾಹಿಮರ ಮಡದಿ, ಇಸ್ಮಾಯಿಲರ ತಾಯಿ. ದೇವರ ಅಪ್ಪಣೆಯೆಂದು ಇಬ್ರಾಹಿಮರು ತಾಯಿ ಮಗುವನ್ನು ಬರಡು ಕಣಿವೆಯಲ್ಲಿ ಬಿಟ್ಟು ಹೋದರು. ಅಪ್ಪಣೆ ಅವನದಾದರೆ ಅವನು ಕೈಬಿಡಲಾರ ಎಂದು ಆಕೆ ನಂಬಿದಳು. ನೀರು ಮುಗಿಯಿತು. ಸಫಾ, ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಏಳು ಸಲ ಓಡಿದಳು. ಕೊನೆಗೆ ಕೂಸಿನ ಬಳಿಯೇ ಝಮ್‌ಝಮ್ ನೀರು ಉಕ್ಕಿತು. ಇಂದಿಗೂ ಹಜ್‌ಗೆ ಹೋದವರೆಲ್ಲ, ದೊರೆಯಾಗಲಿ ಕೂಲಿಯಾಗಲಿ, ಆ ತಾಯಿ ಓಡಿದ ದಾರಿಯಲ್ಲೇ ನಡೆಯಬೇಕು.

"ಆಮ್ಯಾಲ?" ಎಂದರು ಗಂಗವ್ವ.

ನೀರಿನ ಮೇಲೆ ಹಕ್ಕಿ ಸುತ್ತುವುದನ್ನು ಕಂಡು ದಾರಿಹೋಕ ಕುಲವೊಂದು ಬಂತು. ನಿನ್ನ ಹತ್ತಿರ ನಾವೂ ಇರಬಹುದೇ ಎಂದು ಆಕೆಯನ್ನು ಕೇಳಿತು. ಇರಿ, ಆದರೆ ನೀರಿನ ಒಡೆತನ ನಿಮಗಿಲ್ಲ ಎಂದಳು. ಅಲ್ಲಿಯೇ ಮಕ್ಕಾ ಪಟ್ಟಣ ಬೆಳೆಯಿತು.

ಗಂಗವ್ವ ಉಮ್ಮನ ಕಡೆ ತಿರುಗಿದರು. "ಅಲ್ರೀ ಬೀಗರ, ಬಿಟ್ಟು ಹೋದದ್ದ ಒಂದ ನೆನಪಿಟ್ಟೀರಲ್ಲ! ಬಂದಾವ್ರೆಲ್ಲಾ ಆಕೀನ್ನ ಕೇಳಿ ಕುಂತಾರ. ಊರಿಗೆ ಯಜಮಾನಿ ಆಕಿ!"

ನಾನು ಇಮ್ತಿಯಾಜನನ್ನು ಕರೆದು, ಅದೇ ಹೆಸರು ಎಂದೆ. ಅವನು ಟೆಂಪೋ ಒರೆಸುವ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡ.

ತೊಟ್ಟಿಲ ದಿನ ಗಂಗವ್ವ ಬಗ್ಗಿ "ಕುರ್ರ್... ಹಾಜಿರಾ" ಎಂದರು. ಹೇಳಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವರ ಬೆನ್ನಿಗೆ ಗುದ್ದತೊಡಗಿದರು. ಹೆಸರು ಹೇಳಿದವಳಿಗೆ ಗುದ್ದುವುದು ಇಲ್ಲಿಯ ಪದ್ಧತಿ, ಪ್ರೀತಿಯ ಗುದ್ದು. ಉಮ್ಮನಿಗೆ ಹೇಳಲು ನಾನು ಮರೆತಿದ್ದೆ. ನಮ್ಮ ಹೆಸರು ಹೇಳಿದ್ದಕ್ಕೇ ಹೊಡೆಯುತ್ತಿದ್ದಾರೆಂದು ಆಕೆ ಬೆದರಿ ನುಗ್ಗಿದಳು. ಗಂಗವ್ವನನ್ನು ತಬ್ಬಿ, ತನ್ನ ಬೆನ್ನು ಅಡ್ಡ ಕೊಟ್ಟಳು. ಎರಡು ಗುದ್ದು ಅವಳಿಗೂ ಬಿದ್ದವು.

"ಬಿಡ್ರೇ, ಬೀಗತಿಗೆ ಬಡ್ಯಾಕತ್ತೀರಲ್ಲ!" ಎಂದು ಗಂಗವ್ವ ಕೂಗಿದರು. ವಿಷಯ ತಿಳಿದ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಉಮ್ಮನೇ. ನಗುತ್ತಲೇ ತೊಟ್ಟಿಲಿಗೆ ಬಗ್ಗಿ, ಮೊದಲ ಬಾರಿ "ಹಾಜಿರಾ" ಎಂದು ಕರೆದಳು.

ಮರುದಿನ ಅವಳು ಮಂಗಳೂರಿಗೆ ಹೊರಡಬೇಕಿತ್ತು. ಚೀಲ ಕಟ್ಟಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ, ಈಗೀಗ ನನ್ನ ರೊಟ್ಟಿ ಹಂಚಿನಿಂದ ಏಳುತ್ತದೆ. ಅವಳನ್ನು ಕಳಿಸಿ ಹೇಗಿರಲಿ ಎಂದು ಯೋಚಿಸುತ್ತಿದ್ದೆ. ಅವಳ ಜೊತೆ ಬಸ್ಸು ಹತ್ತುವ ಆಸೆಯೂ ಇತ್ತು. ಉಮ್ಮ ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲ ಆಚೆ ನಿಂತಳು. ನನ್ನನ್ನು ಹೆತ್ತವಳು, ಪರರ ಮನೆಯವಳಂತೆ ಸಂಕೋಚದಿಂದ ಕೇಳಿದಳು.

"ನಿನಗೆ ತೊಂದರೆ ಇಲ್ಲದಿದ್ದರೆ, ಇನ್ನು ಸ್ವಲ್ಪ ದಿನ ನಾನು ಇಲ್ಲಿ ಇರಬಹುದಾ?"